ತನಗೆ ತಾನೇ ಅಂಟಿದ ಉಂಗುರ

ಬೆಳಗ್ಗೆ ಲ್ಯಾಬಿನಲ್ಲಿ ತಟ್ಟೆಯ ಮುಚ್ಚಳ ಎತ್ತಿದ ಕಲೈವಾಣಿಗೆ ಕೂಗಿಬಿಡೋಣ ಅನ್ನಿಸಿತು. ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಚುಕ್ಕಿಗಳು, ಸಾಬಕ್ಕಿ ಚೆಲ್ಲಿದ ಹಾಗೆ! ಟೊಮೇಟೊದ ಒಂದು ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸುವುದು ಅವಳ ಎಂ.ಎಸ್ಸಿ. ಪ್ರಾಜೆಕ್ಟ್. ಉಂಗುರವನ್ನು ಒಂದು ಕಿಣ್ವದಿಂದ ಕತ್ತರಿಸಿ, ನಡುವೆ ಜೀನ್ ಬರಲೆಂದು ಲೈಗೇಸ್ ಎಂಬ ಇನ್ನೊಂದು ಕಿಣ್ವದಿಂದ ಅಂಟಿಸಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿದ್ದಳು. ಔಷಧಿ ತಾಳುವ ಶಕ್ತಿ ಕೊಡುವುದು ಆ ಉಂಗುರವೇ; ಅದು ಕೂಡದಿದ್ದರೆ ಔಷಧಿ ಬೆರೆಸಿದ ಆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬದುಕುವಂತಿರಲಿಲ್ಲ.

ಪರೀಕ್ಷೆ ಮಾಡುವಷ್ಟು ತಾಳ್ಮೆ ಯಾರಿಗಿದೆ? ಸೇಲಂನ ಮನೆಯಲ್ಲಿ ಮಗ್ಗದ ಮುಂದಿದ್ದ ಅಮ್ಮ ತಂಗಮ್ಮನಿಗೆ ಫೋನ್ ಹಚ್ಚಿದಳು.

"ಅಮ್ಮಾ, ಅಂಟ್ಕೊಂಡ್ಬಿಡ್ತು!"

"ಅಯ್ಯೋ, ಏನೇ ಅಂಟ್ತು? ಜ್ವರಾನಾ?"

ಮಗಳು ಬಿಡಿಸಿ ಹೇಳಿದಳು. ತಂಗಮ್ಮನಿಗೆ ತಿಳಿದದ್ದೆಷ್ಟೋ, ಮಧ್ಯಾಹ್ನದೊಳಗೆ ಮಗಳು ಹೊಸ ಟೊಮೇಟೊ ಕಂಡುಹಿಡಿದಳೆಂದು ಬೀದಿಗೆಲ್ಲ ಸಾರಿಬಿಟ್ಟಳು.

ಗೈಡ್ ವಿಶ್ವನಾಥನ್ ಪಾಲಕೋಡ್ ಕಡೆಯ ಕನ್ನಡದವರು. ಪಾಠ ತಮಿಳಿನಲ್ಲಿ, ಕೀಟಲೆ ಮನೆಮಾತಿನಲ್ಲಿ. ಅವರ ಮಾತಿನಂತೆ ಕಲೈವಾಣಿ ಬ್ಯಾಕ್ಟೀರಿಯಾದಿಂದ ಡಿಎನ್‌ಎ ತೆಗೆದು, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಓಡಿಸಿದಳು. ಒಂದರಲ್ಲೂ ಟೊಮೇಟೊ ಜೀನ್ ಇರಲಿಲ್ಲ.

"ಲೈಗೇಸ್ ಪಾಪ, ತನ್ನ ಕೆಲ್ಸ ಮಾಡೈತೆ ಕಣಮ್ಮಾ," ಎಂದರು ಅವರು. "ಎರಡು ತುದಿ ಪಕ್ಕಪಕ್ಕ ಸಿಕ್ತು, ಸೇರಿಸ್ತು. ಯಾರ ತುದಿ ಅಂತ ಅದು ಕೇಳ್ತದಾ? ಉಂಗುರ ತನ್ನ ಬಾಲ ತಾನೇ ಕಚ್ಕೊಂಡು ಕೂತೈತೆ. ನಿನ್ನ ಟೊಮೇಟೊ ಬಾಗಿಲಾಚೆ ನಿಂತೈತೆ."

ಕಲೈವಾಣಿಯ ಮುಖ ಕೆಂಪಾಯಿತು. ಬೀದಿಯವರಿಗೆ ಏನು ಹೇಳುವುದು?

ಉಪಾಯವನ್ನೂ ಅವರೇ ಹೇಳಿದರು. ಕತ್ತರಿಸಿದ ಉಂಗುರದ ತುದಿಗಳಿಂದ, ಲೈಗೇಸ್‌ಗೆ ಅಂಟಿಸಲು ಬೇಕಾದ ಫಾಸ್ಫೇಟ್ ಎಂಬ ಕೊಂಡಿಯನ್ನು ಕಿತ್ತುಹಾಕಿದರೆ ಅದು ತನ್ನಷ್ಟಕ್ಕೆ ಕೂಡಲಾರದು. ಜೀನ್ ತನ್ನ ಫಾಸ್ಫೇಟ್ ಹೊತ್ತು ಬಂದರಷ್ಟೇ ಲೈಗೇಸ್‌ಗೆ ಕೆಲಸ. ಕಲೈವಾಣಿ ಹಾಗೇ ಮಾಡಿದಳು. ಈ ಸಲ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಆದರೆ ಜೆಲ್‌ನಲ್ಲಿ ಜೀನ್ ಕಂಡಿತು! ಅವಳು ಗೈಡ್ ಬಳಿ ಓಡಿದಳು.

"ಸೇರೈತೆ, ಸರಿ. ತಲೆ ಮುಂದಾಗಿ ಸೇರೈತಾ, ಕಾಲು ಮುಂದಾಗಾ?"

"ಅದೂ ನೋಡ್ಬೇಕಾ ಸಾರ್?"

"ತಿರುಗಾಮುರುಗಾ ಅಂಟಿಸಿದ್ರೂ ಲೈಗೇಸ್‌ಗೆ ಬೇಜಾರಿಲ್ಲ. ಆದ್ರೆ ಆ ಜೀನ್ ಕೆಲ್ಸ ಮಾಡಾಕಿಲ್ಲ. ನಿನಗೆ ಮಾರ್ಕ್ ಬೇಡ್ವಾ?"

ಗೊಣಗುತ್ತಾ ಹೋಗಿ ಇನ್ನೊಂದು ಕಿಣ್ವದಿಂದ ಕತ್ತರಿಸಿ, ತುಂಡುಗಳ ಉದ್ದದಿಂದ ಜೀನಿನ ದಿಕ್ಕು ನೋಡಿದಳು. ಹೆಚ್ಚಿನವು ತಲೆಕೆಳಗಾಗಿದ್ದವು, ಒಂದು ಮಾತ್ರ ನೆಟ್ಟಗೆ ಕೂತಿತ್ತು. ಅದರ ಟ್ಯೂಬಿನ ಮೇಲೆ ದಪ್ಪಕ್ಷರದಲ್ಲಿ ತನ್ನ ಹೆಸರು ಬರೆದು ಫ್ರೀಜರ್‌ನಲ್ಲಿಟ್ಟಳು. ಬಾಗಿಲು ಹಾಕಿ, ಒಮ್ಮೆ ಎಳೆದು ನೋಡಿ, ಆಮೇಲೆ ತಣ್ಣಗಾಗಿದ್ದ ಪುಳಿಯೋಗರೆಯ ಡಬ್ಬಿ ಬಿಚ್ಚಿದಳು.