ಗುಲಾಬಿ ಮುಳ್ಳು, ಶೈಲಮ್ಮನ ರೊಟ್ಟಿ ಕೈ

ವಿದೇಶದ ಸಮರ್‌ಸೆಟ್ ಊರಿನ ಮನೆಯ ಬ್ಯಾಕ್‌ಯಾರ್ಡಿನಲ್ಲಿ ಗುಲಾಬಿ ಗಿಡ ಕತ್ತರಿಸುವಾಗ ಶೈಲಮ್ಮನ ಬಲಗೈ ಬೆರಳಿಗೆ ಮುಳ್ಳು ಚುಚ್ಚಿತು. ಗ್ಲೌಸ್ ಹಾಕಿರಲಿಲ್ಲ. ಮುಳ್ಳು ಕಿತ್ತೆಸೆದು ಮರೆತೇಬಿಟ್ಟರು. ಮೂರು ವಾರಕ್ಕೆ ಅಲ್ಲೊಂದು ಕೆಂಪು ಗಂಟು ಎದ್ದು, ಒಡೆದು ಹುಣ್ಣಾಯಿತು.

ಶೈಲಮ್ಮನಿಗೆ ಚಿಂತೆಯೇ ಇಲ್ಲ. ಕಲಬುರಗಿಯಿಂದ ಸೂಟ್‌ಕೇಸಿನಲ್ಲಿ ತಂದ ಮುಲಾಮಿನ ಟ್ಯೂಬ್ ಇತ್ತಲ್ಲ! ತುರಿಕೆ, ಮೊಡವೆ, ಸುಟ್ಟ ಗಾಯ, ಎಲ್ಲಕ್ಕೂ ಅದೇ. ತಿಂಗಳಿಡೀ ಹಚ್ಚಿದರು. ಕೆಂಪು ಮಾಸಿತು, ಆದರೆ ಮಣಿಕಟ್ಟಿನ ಮೇಲೊಂದು, ಮುಂಗೈ ಮೇಲೊಂದು ಹೊಸ ಗಂಟು ಎದ್ದವು. ಒಂದು ದಿನ ಜೋಳದ ರೊಟ್ಟಿ ಬಡಿಯುವಾಗ ಹುಣ್ಣು ಬಿರಿದು ಹಿಟ್ಟೆಲ್ಲ ರಕ್ತವಾಯಿತು. ರೊಟ್ಟಿ ಇಲ್ಲದ್ದು ಊಟವೇ ಅಲ್ಲ ಎನ್ನುವ ಹೆಂಗಸು ಒಲೆ ಮುಂದೆ ನಿಂತು ಅತ್ತುಬಿಟ್ಟರು.

ಆ ಹೊತ್ತಿಗೆ ಪಕ್ಕದ ಮನೆಯ ಜಾಹಿದಾ ಬಂದಳು. ಮೈಸೂರಿನವಳು, ಇಲ್ಲಿ ಕ್ಲಿನಿಕ್ಕಿನಲ್ಲಿ ನರ್ಸ್.

“ಸೊಳ್ಳಿ ಕಡದಾವ ಬಿಡವಾ, ಟ್ಯೂಬ್ ಹಚ್ಚೀನಿ,” ಎಂದು ಶೈಲಮ್ಮ ಕಣ್ಣೊರೆಸಿಕೊಂಡರು.

ಜಾಹಿದಾ ಕೈಯನ್ನು ಬೆಳಕಿಗೆ ಹಿಡಿದಳು. “ಬೆರಳು, ಮಣಿಕಟ್ಟು, ಮುಂಗೈ. ಸೊಳ್ಳೆ ಹೀಗೆ ಕ್ಯೂ ನಿಂತು ಕಚ್ಚುತ್ತಾ ಆಂಟಿ? ಮುಳ್ಳು ಗಿಳ್ಳು ಚುಚ್ಚಿತ್ತಾ?”

“ಚುಚ್ಚಿತ್ತು. ಅದಾಗಿ ಎರಡು ತಿಂಗಳಾತಲ್ಲ!”

“ಅದೇ ಮತ್ತೆ. ಮಣ್ಣು, ಮುಳ್ಳು, ಕೊಳೆತ ಎಲೆಯಲ್ಲಿ ಒಂದು ಥರ ಫಂಗಸ್ ಇರುತ್ತೆ. ಗಾಯದಿಂದ ಒಳಗೆ ಹೋಗಿ ನಿಧಾನಕ್ಕೆ ಮೇಲೆ ಹತ್ತುತ್ತೆ. ಇದು ಅದೇನಾ ಅಂತ ಡಾಕ್ಟರೇ ಟೆಸ್ಟ್ ಮಾಡಿ ಹೇಳ್ಬೇಕು. ಟ್ಯೂಬ್ ಕೊಡಿ... ನೋಡಿ, ಸ್ಟೀರಾಯ್ಡ್ ಇದೆ. ಮೇಲೆ ಕೆಂಪು ಅಡಗುತ್ತೆ, ಒಳಗೆ ಫಂಗಸ್ ಬೆಳೆಯುತ್ತೆ. ಫಂಗಸ್‌ಗೆ ಇದನ್ನ ಹಚ್ಚೋದು ಹಾವಿಗೆ ಹಾಲೆರೆದ ಹಾಗೆ!”

“ಅಂದ್ರ ಕಳ್ಳಗ ನಾನ ಕದಾ ತಗದೆನಾ?” ಶೈಲಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. “ನಡಿ, ಇವತ್ತ ತೋರಸೂಣು.”

ಡಾಕ್ಟರು ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಂಗಸ್ಸೇ. ತಿಂಗಳುಗಟ್ಟಲೆ ಮಾತ್ರೆ ಬರೆದರು. ಆರೇಳು ವಾರಕ್ಕೆ ಹುಣ್ಣು ಒಣಗಿತು.

“ಗಾಯ ಮಾಗೇದಲ್ಲ, ಇನ್ನ ಗುಳಿಗಿ ಯಾಕ?” ಎಂದರು ಗಂಡ ಮೃತ್ಯುಂಜಯ.

“ಡಾಕ್ಟರ್ ಸಾಕು ಅನ್ನೂತನಕ ಬಿಡಂಗಿಲ್ಲ. ಈ ಕೈಲೆ ನಾ ರೊಟ್ಟಿ ಬಡೀಬೇಕು!”

ಬಿಡಲೂ ಇಲ್ಲ. ಹೊರಗೆ ಸ್ನೋ ಬೀಳುತ್ತಿದ್ದ ಒಂದು ಭಾನುವಾರ ಆ ಅಡುಗೆಮನೆಯಲ್ಲಿ ಮತ್ತೆ ಪಟಪಟ ಸದ್ದು ಕೇಳಿತು. ಮೊದಲ ರೊಟ್ಟಿ ಜಾಹಿದಾಳ ತಟ್ಟೆಗೆ ಬಿತ್ತು.

ಓದುಗರೇ, ಗಿಡ ಮುಟ್ಟುವ ಮುಂಚೆ ಗ್ಲೌಸ್ ಹಾಕಿ. ಮುಳ್ಳು ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ. ಗಾಯ ಎರಡು ವಾರಕ್ಕೂ ಮಾಗದಿದ್ದರೆ, ಗಂಟು ಮೇಲೆ ಹತ್ತುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಮುಳ್ಳಿನ ಮಾತನ್ನೂ ಹೇಳಿ. ಊರಿಂದ ತಂದ ಟ್ಯೂಬ್ ನಿಮ್ಮ ಮನೆಯಲ್ಲೂ ಇದೆ, ನಮಗೆ ಗೊತ್ತು. ಈಗಲೇ ಎದ್ದು ಹೋಗಿ ಅದರ ಹಿಂದೆ ಬರೆದದ್ದನ್ನು ಓದಿ, ಸ್ಟೀರಾಯ್ಡ್ ಇದೆಯಾ ನೋಡಿ.