ಬುಜ್ಜಮ್ಮನ ಪೆನ್‌ಡ್ರೈವ್

ಸುಧಾಕರ್ ಮಾಮ ಕೊಟ್ಟ ಲ್ಯಾಪ್‌ಟಾಪ್ ಆನ್ ಆಗಬೇಕಾದರೆ, ಕೊಟ್ಟಿಗೆಯ ಬುಜ್ಜಮ್ಮ ಮೇವು ತಿಂದು, ಮೆಲುಕು ಹಾಕಿ, ಒಂದು ನಿದ್ದೆ ತೆಗೆದು ಏಳುವಷ್ಟು ಹೊತ್ತು ಬೇಕಿತ್ತು. ಆದರೂ ಲಿಖಿತಳಿಗೆ ಅದೆಂದರೆ ಪ್ರಾಣ. ಬಂಗಾರಪೇಟೆಯ ಆಫೀಸಿನಲ್ಲಿ ಮೂಲೆಗೆ ತಳ್ಳಿದ್ದನ್ನು ಮಾಮ ಅಕ್ಕನ ಮಗಳಿಗೆ ಅಂತ ಕೇಳಿ ತಂದಿದ್ದ. ದಿನಾ ಮಾರಿಕುಪ್ಪಂ ಟ್ರೈನ್ ಹತ್ತಿ ಊರಿಗಾಂ ಕಾಲೇಜಿಗೆ ಹೋಗಿ, ಬೇರೆಯವರ ಲ್ಯಾಪ್‌ಟಾಪ್ ಪಕ್ಕದಲ್ಲಿ ಕತ್ತು ಚಾಚಿ ಕೂತಿದ್ದವಳಿಗೆ ಸ್ವಂತದ್ದೊಂದು ಸಿಕ್ಕಿತ್ತು.

ಮಾಮ ಜೊತೆಗೊಂದು ಸಿ.ಡಿ.ಯನ್ನೂ ಕೊಟ್ಟಿದ್ದ. ಇದನ್ನು ಹಾಕಿದರೆ ಹೊಸ ಸಿಸ್ಟಮ್ ಬಂದು ಕುದುರೆ ಹಂಗೆ ಓಡುತ್ತದೆ ಅಂದಿದ್ದ. ಲಿಖಿತ ಲ್ಯಾಪ್‌ಟಾಪನ್ನು ಸುತ್ತಲೂ ತಿರುಗಿಸಿ ನೋಡಿದಳು, ಮಗುಚಿ ನೋಡಿದಳು. ಸಿ.ಡಿ. ಹಾಕುವ ಜಾಗವೇ ಇಲ್ಲ. ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರೆ, ಇದಕ್ಕೆ ಬಾಯಿಯೇ ಇರಲಿಲ್ಲ. ಅವಳ ಅಪ್ಪ ಕೋದಂಡಪ್ಪ ಆ ಸಿ.ಡಿ.ಯನ್ನು ಬೆಳಕಿಗೆ ಹಿಡಿದು ನೋಡಿ, ಒಳ್ಳೆ ಮಿಂಚುತ್ತೆ ಅಂತ ಮೆಚ್ಚಿಕೊಂಡು, ಹಕ್ಕಿ ಬೆದರಿಸಲು ಟೊಮೆಟೊ ತೋಟದ ಕಡ್ಡಿಗೆ ಕಟ್ಟಿಬಿಟ್ಟ.

ಕಾಲೇಜಿನ ಹುಡುಗರನ್ನು ಕೇಳಿದಾಗ ದಾರಿ ತಿಳಿಯಿತು. ಲಿನಕ್ಸ್ ಅಂತ ಪುಕ್ಕಟೆ ಸಿಗುವ ಸಿಸ್ಟಮ್ ಇದೆ. ಅದನ್ನು ಇಳಿಸಿಕೊಂಡು ಪೆನ್‌ಡ್ರೈವಿಗೆ ತುಂಬಿ, ಅದರಿಂದಲೇ ಲ್ಯಾಪ್‌ಟಾಪ್ ಎಬ್ಬಿಸಿದರೆ ಆಯಿತು. ಭಾನುವಾರ ಬೆಳಿಗ್ಗೆಯಿಂದ ಅವಳು ಓವರ್‌ಹೆಡ್ ಟ್ಯಾಂಕಿನ ಕೆಳಗೆ ಅಪ್ಪನ ಫೋನ್ ಹಿಡಿದು ಕೂತಳು. ಆ ಊರಿನಲ್ಲಿ ನೆಟ್‌ವರ್ಕ್ ನಿಲ್ಲುವುದು ಅಲ್ಲಿ ಮಾತ್ರ. ಲಿನಕ್ಸ್ ಏನೋ ಇಳಿಯಿತು. ಪೆನ್‌ಡ್ರೈವ್ ಎಲ್ಲಿಂದ ತರುವುದು? ಬಂಗಾರಪೇಟೆಗೆ ಹೋಗಿ ಒಂದು ಕೊಂಡು ತರುವಷ್ಟು ತಾಳ್ಮೆ ಅವಳ ಜಾತಕದಲ್ಲೇ ಬರೆದಿರಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಒಂದು, ಅದೂ ಕೊಟ್ಟಿಗೆಯ ಗೋಡೆಯ ಮೇಲಿನ ಸ್ಪೀಕರ್ ಡಬ್ಬಕ್ಕೆ ಚುಚ್ಚಿಕೊಂಡಿತ್ತು.

ಅದು ಬುಜ್ಜಮ್ಮನ ಪೆನ್‌ಡ್ರೈವ್. ಬುಜ್ಜಮ್ಮ ಅಂದರೆ ಅವರ ಸೀಮೆಹಸು. ಕರುವಾಗಿದ್ದಾಗಿನಿಂದಲೂ ಅದನ್ನು ಸಾಕಿದ್ದು ಅಜ್ಜಿ ಮುನಿಶಾಮಮ್ಮ, ಹಾಡು ಹೇಳಿಕೊಂಡು ಹಾಲು ಕರೆಯುತ್ತಿದ್ದದ್ದೂ ಅವಳೇ. ಹೋದ ತಿಂಗಳು ಮಂಡಿ ಊದಿಕೊಂಡು ಅಜ್ಜಿ ಮಾರಿಕುಪ್ಪಂನ ಮಗಳು ಅನಸೂಯಮ್ಮನ ಮನೆಗೆ ಔಷಧಿಗೆಂದು ಹೋದಳು. ಜೊತೆಗೆ ಲಿಖಿತಳ ಅಮ್ಮನೂ ಹೋದಳು. ಹೊರಡುವ ಮುಂಚೆ ಅಜ್ಜಿ ಹಾಲು ಕರೆಯುವಾಗಿನ ಹಾಡನ್ನು ಲಿಖಿತ ಫೋನಿನಲ್ಲಿ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿದ್ದಳು. ಬುಜ್ಜಮ್ಮ ಆಗಲೇ ಬಾಲದಿಂದ ಅವಳ ಮುಖಕ್ಕೆ ಬಾರಿಸಿದ್ದರಿಂದ, ರೆಕಾರ್ಡಿನ ಶುರುವಿಗೇ ಮೊಮ್ಮಗಳ ಕಿಸಿಕಿಸಿ ನಗು, ಅದರ ಹಿಂದೆ ಅಜ್ಜಿಯ ಗದರಿಕೆ, ಆಮೇಲೆ ಹಾಡು. ಆ ಫೋನ್ ವಾರದಲ್ಲೇ ಹಸುವಿನ ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಪೆನ್‌ಡ್ರೈವ್ ಮಾತ್ರ ಎರಡು ಹೊತ್ತೂ ಹಾಡುತ್ತಿತ್ತು. ಅದು ಹಾಡಿದರೆ ಬುಜ್ಜಮ್ಮ ಸೊರೆ ಬಿಟ್ಟು ಹಾಲು ಇಳಿಸುತ್ತಿದ್ದಳು, ಇಲ್ಲದಿದ್ದರೆ ಒಂದು ತೊಟ್ಟೂ ಇಳಿಸುತ್ತಿರಲಿಲ್ಲ.

ಇದೆಲ್ಲ ಗೊತ್ತಿದ್ದೇ ಲಿಖಿತ ಹುಷಾರಾಗಿ ಕೆಲಸ ಶುರು ಮಾಡಿದಳು. ಪೆನ್‌ಡ್ರೈವಿಗೆ ಲಿನಕ್ಸ್ ತುಂಬಿದರೆ ಹಾಡು ಅಳಿಸಿಹೋಗುತ್ತದೆ. ಅದಕ್ಕೆ ಮೊದಲು ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಿ, ಡೆಸ್ಕ್‌ಟಾಪಿನ ನಟ್ಟನಡುವೆ ಭದ್ರವಾಗಿ ಇಟ್ಟಳು. ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ವಾಪಸ್ ಹಾಕಿದರಾಯಿತು. ತನ್ನ ಬುದ್ಧಿಗೆ ತಾನೇ ಭೇಷ್ ಅಂದುಕೊಂಡಳು. ಆಮೇಲೆ ಪೆನ್‌ಡ್ರೈವ್ ತಯಾರಾಯಿತು. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡುತ್ತಾ, ಹುಡುಗರು ಹೇಳಿಕೊಟ್ಟ ಕೀಲಿಯನ್ನು ಮರಕುಟಿಗದ ಹಾಗೆ ಕುಟ್ಟಿದಳು. ನೀಲಿ ಬಣ್ಣದ ಹೊಸ ಪರದೆ ಬಂತು. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಲೇ ಎಂದು ಅದು ಕೇಳಿತು. ಖುಷಿಯಲ್ಲಿದ್ದವಳು ಹೂಂ ಅಂದಳು. ನಿಜವಾಗಿಯೂನಾ ಅಂತ ಇನ್ನೊಮ್ಮೆ ಕೇಳಿತು. ಎಷ್ಟು ಸಲ ಕೇಳ್ತೀಯೆ ಅಂತ ಬೈದು ಮತ್ತೆ ಒತ್ತಿದಳು.

ಅರ್ಧ ದಾರಿ ಹೋದ ಮೇಲೆ ಅವಳು ಪರದೆಯನ್ನು ಮತ್ತೆ ಓದಿದಳು. ಅಳಿಸುತ್ತಿರುವುದು ಯಾವ ಡಿಸ್ಕು? ಹಾಡು ಇರುವುದು ಯಾವ ಡಿಸ್ಕಿನಲ್ಲಿ?

ಲ್ಯಾಪ್‌ಟಾಪ್ ನಿಜಕ್ಕೂ ಕುದುರೆ ಹಂಗೆ ಎದ್ದು ಕೂತಿತು. ಅದನ್ನು ನೋಡುವ ಮನಸ್ಸು ಅವಳಿಗಿರಲಿಲ್ಲ.

ಸಾಯಂಕಾಲ ಕೋದಂಡಪ್ಪ ಬಕೆಟ್ ಹಿಡಿದು ಬಂದು ಸ್ಪೀಕರ್ ಒತ್ತಿದ. ಡಬ್ಬ ಕಣ್ಣು ಮಿಟುಕಿಸಿತೇ ಹೊರತು ಬಾಯಿ ಬಿಡಲಿಲ್ಲ. ಲಿಖಿತ ಬಾಗಿಲ ಹತ್ತಿರ ನಿಂತು, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಾ, ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದಳು. ಅಪ್ಪ ಬೈಯಲಿಲ್ಲ. ತಾನೇ ಹಾಡಿ ನೋಡಿದ. ಬುಜ್ಜಮ್ಮ ಬಕೆಟ್ಟಿಗೆ ಒದ್ದಳು. ಕೆಚ್ಚಲು ಬಿಗಿದು ಕಲ್ಲಾಗಿತ್ತು.

"ಇಂಗೇ ಬಿಟ್ರೆ ಕೆಚ್ಚಲು ಬಾವು ಬತ್ತದೆ ಕಣಮ್ಮಿ," ಅಂದ ಕೋದಂಡಪ್ಪ, ಹಣೆಯ ಬೆವರು ಒರೆಸಿಕೊಂಡು. "ಡಾಕ್ಟರನ್ನ ಕರ್ಸಿ ಸೂಜಿ ಆಕ್ಸಬೇಕಾಯ್ತದೆ. ನಿಮ್ಮಜ್ಜಿ ಇಲ್ಲಿರೋವರ್ಗೂ ಆ ಅಸೂಗೆ ಒಂದ್ ಸೂಜಿನೂ ಚುಚ್ಸಿರಲಿಲ್ಲ."

ಲಿಖಿತ ಅಪ್ಪನ ಫೋನ್ ಕಿತ್ತುಕೊಂಡಳು. ಟ್ಯಾಂಕಿನ ಹತ್ತಿರ ಓಡಿ ಅಜ್ಜಿಗೆ ಫೋನ್ ಹಚ್ಚಿದಳು. ಲೈನ್ ಸಿಕ್ಕಿದ್ದೇ ತಡ, ಕಟ್ಟಾಗದ ಹಾಗೆ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ತುಂಬಿದ ಕೊಡ ಹೊತ್ತವಳಂತೆ ಕೊಟ್ಟಿಗೆಗೆ ಬಂದಳು. ಹಸು ಹಾಲು ಇಳಿಸುತ್ತಿಲ್ಲ, ಹಾಡು ಅಂದಳು. ಅಜ್ಜಿ ಮರುಮಾತಾಡದೆ ಮಾರಿಕುಪ್ಪಂನಿಂದಲೇ ಹಾಡಿದಳು. ಬುಜ್ಜಮ್ಮ ಒಮ್ಮೆ ಫೋನಿನ ಕಡೆ ನೋಡಿ, ಇದ್ಯಾವ ನೊಣ ಅನ್ನುವ ಹಾಗೆ ಕಿವಿ ಒದರಿದಳು. ಹಾಲು ಇಳಿಯಲಿಲ್ಲ.

ಹಾಡು ನಿಲ್ಲಿಸಿ ಅಜ್ಜಿ ಕೇಳಿದಳು, "ಅಲ್ವೇ, ಆ ಡಬ್ಬದಾಗೆ ನಾನ್ ಆಡಿದ್ ಪಾಟ ಇತ್ತಲ್ಲ, ಅದೇನಾಯ್ತು?"

ಲಿಖಿತ ಮೂಗು ಏರಿಸಿಕೊಳ್ಳುತ್ತಾ ಮತ್ತೆ ಎಲ್ಲ ಹೇಳಿದಳು. ಹಾಡನ್ನು ಜೋಪಾನವಾಗಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದು, ಆಮೇಲೆ ಅದೇ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿದ್ದು. ಆ ಕಡೆ ಅಜ್ಜಿ ಲೆಕ್ಕ ಹಾಕುತ್ತಿದ್ದಳು.

"ಅಂದ್ರೆ, ನೀನು ಅಳೇ ಮನೆ ಕೆಡವಿ ಒಸಾದು ಕಟ್ಟೋಕೆ ಒಂಟಿದ್ದೆ," ಅಂದಳು ಅಜ್ಜಿ ನಿಧಾನಕ್ಕೆ. "ಸಾಮಾನೆಲ್ಲ ಉಸಾರಾಗಿ ಅದೇ ಮನೆ ಅಟ್ಟದ್ ಮ್ಯಾಲೆ ಇಟ್ಯಾ, ಪಿಚ್ಚಿದಾನಾ, ಉಚ್ಚಿ?"

ಕೋದಂಡಪ್ಪನಿಗೆ ಮೊದಲು ನಗು ಬಂತು, ಅವನು ಮುಖ ತಿರುಗಿಸಿದ. ಲಿಖಿತಳಿಗೆ ಅಳು ಎಲ್ಲಿ ಮುಗಿಯಿತೋ ನಗು ಎಲ್ಲಿ ಶುರುವಾಯಿತೋ ಗೊತ್ತಾಗಲಿಲ್ಲ. ಬುಜ್ಜಮ್ಮನ ಕತ್ತು ತಬ್ಬಿಕೊಂಡು ಕಿಸಿಕಿಸಿ ನಕ್ಕಳು, ಬಿಕ್ಕಳಿಕೆ ಬರುವವರೆಗೂ ನಕ್ಕಳು.

"ನಗಬ್ಯಾಡ್ವೇ, ಅಸು ಬೆದರ್ತದೆ," ಅಂತ ಅಜ್ಜಿ ಫೋನಿನಲ್ಲೇ ಗದರಿದಳು. ಗದರಿದ ಬಾಯಲ್ಲೇ, ಕೊಟ್ಟಿಗೆಯಲ್ಲಿ ಕೂತ ಅಭ್ಯಾಸಕ್ಕೆ, ಹಾಡು ತಾನಾಗಿ ಹೊರಟಿತು.

*ಬಾರಮ್ಮ ಬುಜ್ಜಮ್ಮ, ಬಾಯಾಡ್ಸಿ ನಿಲ್ಲಮ್ಮ,*
*ನಿನ್ ಕಂದಂಗೆ ನಾಕು ತೊಟ್ಟು, ನಮ್ ಕಂದಂಗೆ ನಾಕು ತೊಟ್ಟು…*

ಬುಜ್ಜಮ್ಮನ ಎರಡೂ ಕಿವಿ ಮುಂದಕ್ಕೆ ಬಂದವು. ಕೋದಂಡಪ್ಪ ಕೆಚ್ಚಲಿಗೆ ಕೈ ಹಾಕಿದ. ಬಕೆಟ್ಟಿನ ತಳಕ್ಕೆ ಚರ್ ಅಂತ ಮೊದಲ ಧಾರೆ ಬಿತ್ತು. ಇಷ್ಟು ದಿನ ಹಸು ಕಾಯುತ್ತಿದ್ದದ್ದು ಬರೀ ಅಜ್ಜಿಯ ಹಾಡಿಗಲ್ಲ, ಅದರ ಮುಂಚಿನ ನಗುವಿಗೂ ಗದರಿಕೆಗೂ ಅಂತ ಲಿಖಿತಳಿಗೆ ಹೊಳೆಯಿತು. ಅವಳು ಬುಜ್ಜಮ್ಮನ ಗಂಗೆದೊಗಲನ್ನು ನೀವುತ್ತಾ ಇನ್ನೊಂದಿಷ್ಟು ನಕ್ಕಳು, ಈ ಸಲ ಮೆತ್ತಗೆ.

ಎರಡು ದಿನ ಫೋನಿನಲ್ಲೇ ಹಾಡಿಸಿ ಹಾಲು ಕರೆದರು. ಬುಧವಾರ ಕಾಲೇಜು ಬಿಟ್ಟ ಮೇಲೆ ಲಿಖಿತ ಮನೆ ಕಡೆಯ ಬಂಗಾರಪೇಟೆ ಟ್ರೈನ್ ಬಿಟ್ಟು, ಮಾರಿಕುಪ್ಪಂ ಕಡೆಯ ಟ್ರೈನ್ ಹತ್ತಿದಳು. ಅತ್ತೆ ಅನಸೂಯಮ್ಮನ ಮನೆಯ ಹಜಾರದಲ್ಲಿ ಅಜ್ಜಿಯ ಎದುರು ಲ್ಯಾಪ್‌ಟಾಪ್ ಬಿಚ್ಚಿದರೆ, ಬುಜ್ಜಮ್ಮ ಒಂದು ತುತ್ತು ಮೆಲುಕು ಹಾಕುವಷ್ಟರಲ್ಲಿ ಅದು ಆನ್ ಆಯಿತು. ಹೊಸ ರೆಕಾರ್ಡಿಗೆ ಅಜ್ಜಿ ಸಿದ್ಧವಾಗಿ, ಗಂಟಲು ಸರಿ ಮಾಡಿಕೊಂಡು, ಕಾದಳು. ಲಿಖಿತಳಿಗೆ ಬೇಕೆಂದಾಗ ನಗು ಬರಲಿಲ್ಲ. ಹೀ ಹೀ ಅಂದದ್ದು ಆಡು ಕೆಮ್ಮಿದ ಹಾಗಿತ್ತು.

ಅಜ್ಜಿ ಊರುಗೋಲು ಎತ್ತಿ ಅವಳ ಪಕ್ಕೆಗೆ ಮೆಲ್ಲಗೆ ತಿವಿದಳು.

"ಅದೇ ಮನೆ ಅಟ್ಟದ್ ಮ್ಯಾಲೆ," ಅಂದಳು.

ಆ ಮಾತೂ, ಅದಕ್ಕೆ ಉಕ್ಕಿದ ನಗುವೂ ಸೇರಿಯೇ ರೆಕಾರ್ಡ್ ಆಗಿದೆ. ಈಗ ಅದು ಲ್ಯಾಪ್‌ಟಾಪಿನಲ್ಲಿದೆ, ಪೆನ್‌ಡ್ರೈವಿನಲ್ಲಿದೆ, ಸುಧಾಕರ್ ಮಾಮನ ಫೋನಿನಲ್ಲೂ ಇದೆ. ಹೊಸ ಹಾಡಿಗೆ ಬುಜ್ಜಮ್ಮ ಎರಡೇ ದಿನಕ್ಕೆ ಒಗ್ಗಿಕೊಂಡಳು.