ಮುರಕದ ಜಾಗ

ಜೌಗು ನೋಡಲು ಬಂದವರು ಯಾರೂ ಕಾಫಿ ಕುಡಿಯದೆ ಹಿಂದಿರುಗುವಂತಿಲ್ಲ. ಅದು ವೈಕೆಯ ಕಾನೂನು. ಬೇಸಿಗೆಯ ಶನಿವಾರಗಳಲ್ಲಿ ಅವಳ ಗಂಡ ಎಂಡೆಲ್, ಟ್ಯಾಲಿನ್ ಪಟ್ಟಣದಿಂದ ಬಂದವರ ಬೂಟಿನಡಿಗೆ, ಕಾಲು ಹೂತುಹೋಗದ ಹಾಗೆ, ಅಗಲವಾದ ಜೌಗುಮೆಟ್ಟು ಕಟ್ಟಿ, ಪಾಚಿಯ ಮೇಲೆ ಬಾತುಕೋಳಿಗಳಂತೆ ಸಾಲಾಗಿ ನಡೆಸಿಕೊಂಡು ಹೋಗುತ್ತಿದ್ದ. ಧೈರ್ಯವಿದ್ದವರು ಕಪ್ಪುನೀರಿನ ಮಡುವಿನಲ್ಲಿ ಈಜಬೇಕು, ಬರುವ ದಾರಿಯಲ್ಲಿ ಹಳೆಯ ಗಾಳಿಗಿರಣಿ ನೋಡಬೇಕು, ಕೊನೆಗೆ ಹಸಿದ ಹೊಟ್ಟೆಗಳೆಲ್ಲ ವೈಕೆಯ ಅಂಗಳಕ್ಕೆ ಬರಬೇಕು. ಅಲ್ಲಿ ಬಾರ್ಲಿ ರೊಟ್ಟಿ, ಮಜ್ಜಿಗೆಯಲ್ಲಿ ಕಲಸಿದ ಹುರಿಹಿಟ್ಟು, ಸಬ್ಬಸಿಗೆ ಉದುರಿಸಿದ ಹೊಸ ಆಲೂಗಡ್ಡೆ ಕಾದಿರುತ್ತಿದ್ದವು.

ಆ ಶನಿವಾರ ಬಂದವರಲ್ಲಿ ಕ್ರಿಸ್ಟೆಲ್ ಎಂಬವಳಿದ್ದಳು. ಇನ್ನೂ ನಲವತ್ತು ದಾಟದ ಹೆಂಗಸು, ಒದ್ದೆ ಕೂದಲು, ನಗುವಿಗೆ ಬರವಿಲ್ಲ. ಬಂದವಳೇ ತನ್ನ ಟೋಪಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಅದರ ತುಂಬ ಮುರಕದ ಹಣ್ಣು. ಜೌಗಿನ ಪಾಚಿಯಲ್ಲಷ್ಟೇ ಬೆಳೆಯುವ ಈ ಹಣ್ಣು ಕೆಂಪಗಿದ್ದರೆ ಇನ್ನೂ ಕಾಯಿ. ಇವು ಜೇನಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಒಡೆಯುವಷ್ಟು ಕಳಿತಿದ್ದವು.

"ತಗೊಳ್ಳಿ ವೈಕೆ ಅವ್ರೇ, ನಿಮಗೇ ತಂದಿದ್ದು! ನಿಮ್ಮನೆಯವ್ರು ಕರ್ಕೊಂಡ್ಹೋಗಿ ತೋರ್ಸಿದ್ರು. ಏನ್ ಜಾಗಾರೀ ಅದು, ನೆಲವೇ ಕಾಣಲ್ಲ!"

ಕಾಫಿ ಬಗ್ಗಿಸುತ್ತಿದ್ದ ವೈಕೆಯ ಕೈ ನಿಂತುಬಿಟ್ಟಿತು.

ಆ ಸೀಮೆಯ ಜನ ಹೆಣ್ಣು ಕೊಟ್ಟಾರು, ಹೊಲ ಬರೆದುಕೊಟ್ಟಾರು, ಮುರಕದ ಜಾಗ ಮಾತ್ರ ಹೇಳಲಾರರು. ಕೇಳುವುದೂ ಇಲ್ಲ. ಕೇಳುವುದೆಂದರೆ ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕಿದಂತೆ. ಎಂಡೆಲ್‌ನ ತಾಯಿ ಸಾಯುವ ಮುಂಚೆ, ಸೊಸೆಯನ್ನು ನೀರಿನ ನೆಪದಲ್ಲಿ ಬಾವಿಗೆ ಅಟ್ಟಿ, ಮಗನ ಕಿವಿಯಲ್ಲಿ ಹೇಳಿದ್ದು ಅದೊಂದನ್ನೇ. ವೈಕೆ ಕೊಡ ತುಂಬಿಸಿಕೊಂಡು ಬೇಕೆಂದೇ ನಿಧಾನವಾಗಿ ಬಂದಿದ್ದಳು. ಅಲ್ಲಿಂದ ಈಚೆಗೆ ಪ್ರತಿ ವರ್ಷ ಎಂಡೆಲ್ ಒಬ್ಬನೇ ಬಕೆಟ್ ಹಿಡಿದು ಹೊರಟಾಗ, ಅವನು ಎಡಕ್ಕೆ ತಿರುಗಿದನೋ ಬಲಕ್ಕೋ ಎಂದು ಕಾಣದಿರಲಿ ಅಂತ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಮದುವೆಯಾಗಿ ಇಪ್ಪತ್ತೇಳು ವರ್ಷ ಅವಳು ಕಾಪಾಡಿಕೊಂಡು ಬಂದ ಮರ್ಯಾದೆ ಅದು. ಈಗ ನೋಡಿದರೆ, ಅದೆಲ್ಲ ಈ ಒದ್ದೆ ಕೂದಲಿನವಳ ಟೋಪಿಯೊಳಗೆ ಕೂತಿತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ನೆಲ ಕುಸಿಯುವ ಕಡೆ ಕೈ ಹಿಡಿದು ದಾಟಿಸಿರುತ್ತಾನೆ. ಮೊದಲ ಹಣ್ಣು ಕಿತ್ತು ಕೊಟ್ಟಿರುತ್ತಾನೆ. ಇವಳು "ಅಯ್ಯೋ" ಅಂದಿರುತ್ತಾಳೆ, ಅವನು ಹಲ್ಲು ಕಿರಿದಿರುತ್ತಾನೆ. ಹೊಟ್ಟೆಕಿಚ್ಚಿಗೆ ಕಣ್ಣು ಇಲ್ಲದಿದ್ದರೂ ಹೀಗೆ ಎಲ್ಲವೂ ಕಾಣುತ್ತದೆ.

"ಕಾಫಿ ನಾನು ಕೊಡ್ಲಾ, ಅದನ್ನೂ ಎಂಡೆಲ್ಲೇ ಕೊಡ್ಬೇಕಾ?" ಎಂದಳು.

ಎಲ್ಲರೂ ನಕ್ಕರು. ಕ್ರಿಸ್ಟೆಲ್ ಎಲ್ಲರಿಗಿಂತ ಜೋರಾಗಿ ನಕ್ಕಳು. ವೈಕೆ ಹುಡುಕಿ ಹುಡುಕಿ ರೊಟ್ಟಿಯ ಸೀದ ಅಂಚನ್ನೇ ಅವಳ ತಟ್ಟೆಗೆ ಹಾಕಿದಳು. ಆ ಪುಣ್ಯಾತ್ಗಿತ್ತಿ ಅದನ್ನೂ ಚಪ್ಪರಿಸಿ ತಿಂದು, "ಗರಿಗರಿಯಾಗಿದೆ" ಎಂದಳು.

ಬಸ್ಸು ಮರೆಯಾಗುವವರೆಗೂ ವೈಕೆ ತಡೆದುಕೊಂಡಳು.

"ಯಾಕಯ್ಯಾ ತೋರಿಸ್ದೆ?"

"ಏನನ್ನ?"

"ಗಾಳಿಗಿರಣೀನ! ಮುರಕದ ಜಾಗಾನಯ್ಯಾ!"

ಎಂಡೆಲ್ ಜೌಗುಮೆಟ್ಟುಗಳ ಪಾಚಿ ಕೆರೆಯುತ್ತ ಕೂತಿದ್ದ. "ಅವ್ಳು ಕೇಳಿದ್ಲು ಕಣೇ."

"ಕೇಳಿದ್ಲು!"

"'ನೀವೆಲ್ಲಿ ಕೀಳ್ತೀರಿ' ಅಂದ್ಲು. ಹುಟ್ಟಿದಾಗಿಂದ ನನ್ನನ್ನ ಯಾರೂ ಹಾಗೆ ಕೇಳಿಲ್ಲ. ಏನ್ ಹೇಳ್ಬೇಕೋ ತೋಚ್ಲಿಲ್ಲ, ಕಾಲು ತಾನಾಗೇ ಆ ಕಡೆ ಹೋಯ್ತು. ನೀನು ಒಂದಿನಾನಾದ್ರೂ ಕೇಳಿದ್ಯಾ?"

"ಕೇಳ್ಬಾರ್ದು ಅಂತ ತಾನೇ ಬಾಯಿಗೆ ಬೀಗ ಹಾಕ್ಕೊಂಡಿದ್ದು!"

"ನಾನೇನೋ, ನಿಂಗೆ ಕಾಲು ಒದ್ದೆ ಮಾಡ್ಕೊಳ್ಳೋದು ಬೇಜಾರು ಅಂದ್ಕೊಂಡಿದ್ದೆ. ನಾಳೆ ಬಾ. ತೋರಿಸ್ತೀನಿ, ಅದಕ್ಕೇನಂತೆ?"

ಅದಕ್ಕೇನಂತೆ! ಆ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಆದರೂ ಹೋದಳು. ಹೋಗದೆ ಇರಲು ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಜೌಗಿನ ಮೇಲೆ ಹಾಸಿದ ಹಲಗೆದಾರಿ ಬಿಟ್ಟು, ಸೊಂಟದೆತ್ತರದ ಕುಳ್ಳ ಪೈನ್ ಮರಗಳ ನಡುವೆ ಎಂಡೆಲ್ ಮುಂದೆ, ಅವಳು ಹಿಂದೆ. ಜಾಗ ನಿಜಕ್ಕೂ ಚೆನ್ನಾಗಿತ್ತು. ಅಷ್ಟು ಕಿತ್ತಮೇಲೂ ಪಾಚಿಯ ತುಂಬ ಹಳದಿ ಹಣ್ಣು. ಆದರೆ ಮಡುವಿನ ದಂಡೆಯ ಕರಿ ಜೌಗುಮಣ್ಣಿನಲ್ಲಿ ಒಂದು ಬರಿಗಾಲಿನ ಗುರುತು ಮೂಡಿತ್ತು, ಸಣ್ಣದು, ಒಳಗೆ ನೀರು ನಿಂತಿತ್ತು. ಅತ್ತೆಯ ಜಾಗಕ್ಕೆ ಸೊಸೆ, ಕ್ರಿಸ್ಟೆಲ್ ಬಂದುಹೋದಮೇಲೆ, ಎರಡನೆಯವಳಾಗಿ ಬಂದಿದ್ದಳು. ಅವಳಿಗೆ ಅಳು ಬಂತು, ಅಳಲಿಲ್ಲ.

"ನೀನಿಲ್ಲೇ ಕೀಳ್ತಿರು" ಎಂದು ಗಂಡನಿಗೆ ಹೇಳಿ, ಬಕೆಟ್ಟನ್ನೂ ಅಲ್ಲೇ ಬಿಟ್ಟು, ಮುಂದೆ ನಡೆದಳು. ಒಂದು ಮಡು ಬಳಸಿದಳು, ಇನ್ನೊಂದನ್ನು ಬಳಸಿದಳು. ಒಮ್ಮೆ ಮೊಣಕಾಲವರೆಗೆ ಹೂತಳು. ಕೋಪ ಇಳಿಯುವವರೆಗೆ ನಡೆಯೋಣವೆಂದುಕೊಂಡಿದ್ದಳು. ಸಿಡಿಲು ಬಡಿದ ಪೈನ್ ಮರವೊಂದರ ಬುಡ ದಾಟಿದರೆ, ಅಂಗಳದಷ್ಟು ಅಗಲಕ್ಕೆ ಮುರಕ. ಕೊಕ್ಕರೆಗಳನ್ನು ಬಿಟ್ಟು ಯಾರೂ ಕಾಲಿಟ್ಟ ಸುಳಿವಿಲ್ಲ. ವೈಕೆ ಒದ್ದೆಯಲ್ಲೇ ಕುಕ್ಕರಿಸಿ, ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಂಡು, ಸಾಕೆನಿಸುವವರೆಗೆ ತಿಂದಳು.

ಹಿಂದಿರುಗಿದಾಗ ಎಂಡೆಲ್ ಅವಳ ಗಲ್ಲವನ್ನೇ ನೋಡಿದ. ಗಲ್ಲದ ಮೇಲೆ ಹಳದಿ ರಸ ಅಂಟಿತ್ತು.

"ಎಲ್ಲೇ ಸಿಕ್ತು?" ಎಂದ. ಒಂದೇ ದಿನದಲ್ಲಿ ಕೇಳುವುದನ್ನು ಕಲಿತಿದ್ದ.

ವೈಕೆ ಬಾಯಿ ತೆರೆದಳು. ಎರಡು ಮಡು ಬಳಸಿ, ಸಿಡಿಲು ಬಡಿದ ಮರದಾಚೆ. ಅಷ್ಟೇ ತಾನೇ ಹೇಳಬೇಕಾದದ್ದು. ನಾಲಿಗೆ ಹೊರಳಲಿಲ್ಲ. ಕೇಳುತ್ತಿರುವವನು ಕಟ್ಟಿಕೊಂಡ ಗಂಡ, ಜಾಗ ಸಿಕ್ಕಿ ಇನ್ನೂ ಒಂದು ಗಳಿಗೆಯಾಗಿಲ್ಲ. ಆದರೂ ಕೊಡಲು ಮನಸ್ಸು ಬರಲಿಲ್ಲ.

ತಾಯಿ ಸಾಯುವಾಗ ತನಗೆ ಕೊಟ್ಟಿದ್ದನ್ನು ಇವನು ನಿನ್ನೆ ಮುಖ ಕಂಡವಳಿಗೆ ಕೊಟ್ಟಿದ್ದ. ಒಂದು ಮಾತು ಕೇಳಿದ್ದಕ್ಕೆ ಕೊಟ್ಟಿದ್ದ. ಎಷ್ಟು ಕೊಟ್ಟಿದ್ದನೆಂದು ಅವಳಿಗೆ ಈಗ ಗೊತ್ತಾಯಿತು.

"ಎಲ್ಲೂ ಸಿಗ್ಲಿಲ್ಲ" ಎಂದು ಗಲ್ಲ ಒರೆಸಿಕೊಂಡಳು. ಹೊಟ್ಟೆಯ ಕಿಚ್ಚು ನಿನ್ನೆಗಿಂತ ಜೋರಾಗಿ ಹತ್ತಿಕೊಂಡಿತು.